ಹೈಬಾಯ್ ಬೇಕೋ, ಚಾನೆಲ್ ಮಾಡಿದ ಬಾಡಿ ಬೇಕೋ?

1932ರ ಫೋರ್ಡ್ ರೋಡ್‌ಸ್ಟರ್‌ನಿಂದ (ಮೇಲೆ ತೆರೆದ ಕಾರು) ಹಾಟ್ ರಾಡ್, ಅಂದರೆ ವೇಗಕ್ಕೂ ನೋಟಕ್ಕೂ ಮಾರ್ಪಡಿಸಿದ ಹಳೆಯ ಕಾರು, ಕಟ್ಟುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ. ಹೈಬಾಯ್‌ನಲ್ಲಿ ಫೆಂಡರ್ (ಚಕ್ರದ ಮೇಲಿನ ಮಡ್‌ಗಾರ್ಡ್) ತೆಗೆದರೂ ಬಾಡಿ ಫ್ರೇಮಿನ ಮೇಲೇ ಕೂತಿರುತ್ತದೆ. ಚಾನೆಲ್ ಮಾಡುವುದೆಂದರೆ ನೆಲದ ತಗಡು ಕತ್ತರಿಸಿ, ಬಾಡಿಯನ್ನು ಫ್ರೇಮಿನ ಎರಡೂ ಬದಿಗೆ 4-6 ಇಂಚು ಇಳಿಬಿಟ್ಟು, ಹೊಸ ನೆಲ ವೆಲ್ಡ್ ಮಾಡುವುದು.

ಚಾನೆಲ್ ಮಾಡಿದ ಗಾಡಿ ರಸ್ತೆಗೆ ಅಂಟಿಕೊಂಡಂತೆ ಕಾಣುತ್ತದೆ, ನಿಜ. ಆದರೆ 1932ರ ಫ್ರೇಮಿನ ಪಕ್ಕದಲ್ಲಿ ಒತ್ತಿ ಮೂಡಿಸಿದ ಆ ಉದ್ದನೆಯ ಗೆರೆ ಮುಚ್ಚಿಹೋಗುತ್ತದೆ. ಕಾರಿನ ಚೆಲುವಿರುವುದೇ ಅಲ್ಲಿ. ಸಾದಾ ಫ್ರೇಮಿನ ಮಾಡೆಲ್ ಎ (ಫೋರ್ಡಿನ ಇದಕ್ಕೂ ಹಿಂದಿನ ಕಾರು) ಆದರೆ ಈ ನಷ್ಟವಿಲ್ಲ.

ಆರಾಮದಲ್ಲಿ ವ್ಯತ್ಯಾಸ ದೊಡ್ಡದು. ಬಾಡಿ ಇಳಿದರೂ ನೆಲ ಫ್ರೇಮಿನ ಮಟ್ಟದಲ್ಲೇ ಉಳಿಯುವುದರಿಂದ, 5 ಇಂಚು ಇಳಿಸಿದರೆ ಡ್ಯಾಶ್‌ಬೋರ್ಡಿನ ಕೆಳಗೆ 5 ಇಂಚು ಜಾಗ ಹೋಯಿತು. ಸ್ಪ್ರಿಂಗ್ ಸೀಟಿನ ಬದಲು ತೆಳು ಫೋಮ್, ಚಾಚಿದ ಕಾಲು, ತೊಡೆಗೆ ತಾಗುವ ಸ್ಟೀರಿಂಗ್. ಇಂಜಿನ್ ಮೇಲೆದ್ದು ಬಾನೆಟ್ ಮುಚ್ಚುವುದಿಲ್ಲ. ರೇಡಿಯೇಟರ್ ಗಿಡ್ಡ ಮಾಡಿದರೆ ಟ್ರಾಫಿಕ್‌ನಲ್ಲಿ ನೀರು ಕುದಿಯುತ್ತದೆ.

ಹೈಬಾಯ್ ತಗ್ಗಿಸಲು ಮುಂದೆ 4 ಇಂಚಿನ ಡ್ರಾಪ್ಡ್ ಆಕ್ಸಲ್ (ನಡುಭಾಗ ಕೆಳಗೆ ಬಾಗಿದ ಆಕ್ಸಲ್) ಸಾಕು. ಜೊತೆಗೆ ಸ್ಟೀರಿಂಗ್ ಆರ್ಮ್ ಕೂಡ ಬಗ್ಗಿಸಿ, ಇಲ್ಲವಾದರೆ ಟೈ ರಾಡ್ (ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಸರಳು) ವಿಶ್‌ಬೋನಿಗೆ (ಆಕ್ಸಲನ್ನು ಹಿಂದಿನಿಂದ ಹಿಡಿದಿಡುವ V ಆಕಾರದ ಸರಳು) ಉಜ್ಜುತ್ತದೆ. ಹಿಂದೆ ಆಕ್ಸಲ್ ಫ್ರೇಮಿಗೆ ಬಡಿಯದಷ್ಟು ಅಂತರ ಉಳಿಯಲಿ.

ದೂರದ ಓಡಾಟಕ್ಕೆ ನಮ್ಮ ಆಯ್ಕೆ ಹೈಬಾಯ್. ಚಾನೆಲ್ಲೇ ಬೇಕೆಂದರೆ, ಕತ್ತರಿಸುವ ಮುನ್ನ ಹಳೆಯ ನೆಲದ ಮೇಲೆ 5 ಇಂಚು ಎತ್ತರಕ್ಕೆ ಹಲಗೆ ಜೋಡಿಸಿ, ತೆಳು ಸೀಟಿಟ್ಟು ಅರ್ಧ ಗಂಟೆ ಕೂತು ನೋಡಿ. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿದರೆ 3 ಇಂಚಿಗೆ ನಿಲ್ಲಿಸಿ.