14 ತಿಂಗಳ ಕೆಲಸ ಇಟ್ಕೊಂಡು ಎಂಬಿಎಗೆ ಅಪ್ಲೈ ಮಾಡಿ ಕೈ ಸುಟ್ಕೊಂಡ ಕತೆ

ಎಕ್ಸ್‌ಪೀರಿಯನ್ಸ್ ಕಮ್ಮಿ ಇದೆ ಅಂತ ಯಾವುದಾದ್ರೂ ಅಡ್ಮಿಶನ್ ಕನ್ಸಲ್ಟೆಂಟ್‌ಗೆ ದುಡ್ಡು ಕಟ್ಟೋಕೆ ಹೊರಟಿದ್ರೆ ಒಂದ್ಸಲ ಇದನ್ನ ಓದ್ಬಿಡಿ. ನನ್ನ ಮರ್ಯಾದೆ ಹೋಗೋ ವಿಷಯ, ಬರೆಯೋಕೆ ಮನಸ್ಸಿರ್ಲಿಲ್ಲ, ಆದ್ರೆ ಮೊನ್ನೆ ನಮ್ಮ ಕಾಲೇಜಿನ ಜೂನಿಯರ್ ಒಬ್ಬ ಅದೇ ಆಫೀಸಿಗೆ ಅಡ್ವಾನ್ಸ್ ಕಟ್ಟೋಕೆ ಹೊರಟಿದಾನೆ ಅಂತ ಗೊತ್ತಾಯ್ತು, ಅದಕ್ಕೆ ಬರೀತಿದೀನಿ.

ನಂದು ತಿಪಟೂರು ಕಡೆ ಹಳ್ಳಿ. 2023ರಲ್ಲಿ ಇಂಜಿನಿಯರಿಂಗ್ ಮುಗ್ಸಿ ಬೆಂಗಳೂರಲ್ಲಿ ಒಂದು ಐಟಿ ಕಂಪ್ನಿ ಸೇರ್ದೆ. 2024ರ ಸೆಪ್ಟೆಂಬರ್‌ನಲ್ಲಿ ಅಪ್ಲಿಕೇಶನ್ ಹಾಕೋ ಹೊತ್ತಿಗೆ ಇದ್ದಿದ್ದು 14 ತಿಂಗಳು, ಅದ್ರಲ್ಲಿ ನಾಲ್ಕು ತಿಂಗಳು ಟ್ರೇನಿಂಗು, ಎರಡು ತಿಂಗಳು ಬೆಂಚು (ಪ್ರಾಜೆಕ್ಟ್ ಇಲ್ದೆ ಸುಮ್ನೆ ಕೂರೋದು), ಸರಿಯಾಗಿ ಲೆಕ್ಕ ಹಾಕಿದ್ರೆ ಪ್ರಾಜೆಕ್ಟಲ್ಲಿ ಕೂತಿದ್ದು ಎಂಟೇ ತಿಂಗಳು. ಆದ್ರೆ ಎಂಬಿಎ ಸೇರೋಕೆ ಬರೆಯೋ ಜಿಮ್ಯಾಟ್ ಪರೀಕ್ಷೆಲಿ 655 ಬಂದಿತ್ತು. ಹೊಸ ಜಿಮ್ಯಾಟ್ ಸ್ಕೇಲು 205ರಿಂದ 805, ಇದ್ರಲ್ಲಿ 645 ಅಂದ್ರೆ ಹಳೇ 700ರ ಹತ್ತತ್ರ, ಹಂಗಾಗಿ ಸ್ಕೋರ್ ಚೆನ್ನಾಗೇ ಇತ್ತು, ನನ್ನ ತಲೆ ತಿರುಗಿದ್ದೂ ಅಲ್ಲೇ.

ಕನ್ಸಲ್ಟೆಂಟ್ ಹೆಸ್ರು ಹಾಕಲ್ಲ, ಹಾಕಿದ್ರೆ ಅದೊಂದು ಬೇರೆ ತಲೆನೋವು. ಐದು ಸ್ಕೂಲ್ ಪ್ಯಾಕೇಜ್ 1,10,000 ರೂಪಾಯಿ, ಅರ್ಧ ಮೊದ್ಲೇ ಕಟ್ಬೇಕು, ಅಪ್ಲಿಕೇಶನ್ ಫೀಸೆಲ್ಲ ಬೇರೆ. ನಾನು ಮೊದಲ್ನೇ ದಿನಾನೇ ಕೇಳ್ದೆ, ಸರ್ ಇದ್ರಲ್ಲಿ ಮೂರು ಸ್ಕೂಲ್‌ಗೆ ಎರಡು ವರ್ಷ ಕೆಲಸ ಮಾಡಿರ್ಬೇಕು ಅಂತ ಇದೆಯಲ್ಲ ಅಂತ. ಅದಕ್ಕವ್ರು ನಕ್ಕು, "ಬ್ರದರ್, ನಿಮ್ಮತ್ರ ಎಕ್ಸ್‌ಪೀರಿಯನ್ಸ್ ಕಮ್ಮಿ ಇಲ್ಲ, ಪ್ರೆಸೆಂಟ್ ಮಾಡೋಕೆ ಬರ್ತಿಲ್ಲ ಅಷ್ಟೇ. ಅಪ್ಪ ಏನ್ ಮಾಡ್ತಾರೆ?" ಅಂದ್ರು. ತೋಟ ಇದೆ, ಕೊಬ್ಬರಿ ಮಾಡ್ತಾರೆ ಅಂದೆ. ಅವ್ರ ಕಣ್ಣು ಅರಳಿದ್ದು ನಂಗಿನ್ನೂ ನೆನಪಿದೆ.

ನಮ್ಮ ಕಡೆಯೋರಿಗೆ ಗೊತ್ತಿರುತ್ತೆ, ಬಲಿತ ಕಾಯಿನ ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಮ್ಮಿ ಒಂದು ವರ್ಷ ಬಿಟ್ರೆ ಒಳಗಿನ ನೀರು ಆರಿ ಉಂಡೆ ಕೊಬ್ಬರಿ ಆಗುತ್ತೆ, ಅಲ್ಲಾಡ್ಸಿದ್ರೆ ಒಳಗೆ ಲೊಡಲೊಡ ಅನ್ನುತ್ತೆ. ಅಪ್ಲಿಕೇಶನ್ ಜೊತೆ ನಮ್ಮ ಬಗ್ಗೆ ಬರೆದು ಕೊಡೋ ಎಸ್ಸೇಲಿ ಆ ಅಟ್ಟ ವೇರ್‌ಹೌಸ್ ಆಯ್ತು. ವರ್ಷಕ್ಕೆ ನಾಲ್ಕೈದು ದಿನ ಬಂದು ಕಾಯಿ ಸುಲಿದು ಹೋಗೋ ಆಳುಗಳು ನನ್ನ ಕೈಕೆಳಗಿನ "12 ಜನರ ಟೀಮ್" ಆದ್ರು. ಕಾಲೇಜಿಂದ ರಜಕ್ಕೆ ಬಂದಾಗ ಅಪ್ಪನ ಜೊತೆ ಎಪಿಎಂಸಿಗೆ ಹೋಗ್ತಿದ್ದಿದ್ದು "ಸಪ್ಲೈ ಚೈನ್ ಹೆಡ್, ಫ್ಯಾಮಿಲಿ ಬಿಸಿನೆಸ್, 18 ತಿಂಗಳು" ಆಯ್ತು, ವಹಿವಾಟು ಶೇ 30 ಏರಿಸಿದೆ ಅಂತ ಬೇರೆ. ಆ 30 ಎಲ್ಲಿಂದ ಬಂತು ಅಂತ ಕೇಳಿದ್ರೆ "ಅಡ್ಮಿಶನ್ ಕಮಿಟಿಗೆ ನಂಬರ್ ಬೇಕು" ಅಂದ್ರು, ನಾನೂ ತಲೆ ಆಡ್ಸಿದೆ. ಇಲ್ಲಿ ತಪ್ಪು ನಂದೇ, ಅವ್ರೊಬ್ರದ್ದೇ ಅಂತ ಹೇಳಲ್ಲ, ಆ ಡಾಕ್ಯುಮೆಂಟ್ ಓದುವಾಗ ನನ್ನ ಬಗ್ಗೆ ನಂಗೇ ಗೌರವ ಬಂದಿತ್ತು.

ಆಮೇಲೆ ಇದಕ್ಕೆ ಅಪ್ಪ ಎಂಪ್ಲಾಯರ್ ಅಂತ ಲೆಟರ್ ಸೈನ್ ಮಾಡ್ಬೇಕಿತ್ತು. ಊರಿಗೆ ಹೋಗಿ ಅಪ್ಪನ ಮುಂದೆ ಇಟ್ಟೆ. ಕನ್ನಡಕ ಹಾಕ್ಕೊಂಡು ನಿಧಾನಕ್ಕೆ ಓದ್ಸಿದ್ರು, ಅರ್ಥ ಕೇಳಿದ್ರು, ಆಮೇಲೆ "ನಿಂಗೆ ನಾನು ಯಾವತ್ತಪ್ಪ ಸಂಬಳ ಕೊಟ್ಟಿದ್ದೆ?" ಅಂತ ಪೇಪರ್ ವಾಪಸ್ ಕೊಟ್ರು. ಅಷ್ಟೊತ್ತಿಗೆ ಮೊದಲ ರೌಂಡ್ ಅಪ್ಲಿಕೇಶನ್ ಹೋಗ್ಬಿಟ್ಟಿತ್ತು.

ಐದ್ರಲ್ಲಿ ನಾಲ್ಕು ಇಂಟರ್ವ್ಯೂನೂ ಕೊಡ್ದೆ ರಿಜೆಕ್ಟ್. ಐದನೇದು ವಿಡಿಯೋ ಇಂಟರ್ವ್ಯೂ, ಇಬ್ರು ಕೂತಿದ್ರು. ಮೊದಲ ಐದು ನಿಮಿಷ ಸಲೀಸಾಗಿ ಹೋಯ್ತು. ಆಮೇಲೆ ಮೇಡಂ ಒಬ್ರು ಕೇಳಿದ್ರು, ಶೇ 30 ಅಂದ್ರೆ ಎಷ್ಟರಿಂದ ಎಷ್ಟಕ್ಕೆ ಹೋಯ್ತು? ನಾನು ಏನೋ ಎಫಿಶಿಯೆನ್ಸಿ ಅಂತ ತೊದಲಿದೆ. ಅವ್ರು ಬಿಡ್ಲಿಲ್ಲ, 2023ರಲ್ಲಿ ಕೊಬ್ಬರಿ ರೇಟು ಬಿದ್ದಿತ್ತಲ್ಲ, ನೀವೇನ್ ಮಾಡಿದ್ರಿ ಅಂದ್ರು. ನಂಗೆ ಅಳು ಬರೋ ಹಂಗಾಯ್ತು, ಯಾಕಂದ್ರೆ ಈ ಪ್ರಶ್ನೆಗೆ ಉತ್ತರ ನಂಗೆ ನಿಜವಾಗ್ಲೂ ಗೊತ್ತಿತ್ತು. ಆ ವರ್ಷ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750, ಮಾರ್ಕೆಟ್ಟಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಕೇಳ್ತಿದ್ರು, ಅಪ್ಪ ಅರ್ಧ ಮಾರಿ ಅರ್ಧ ಅಟ್ಟದಲ್ಲೇ ಹಿಡ್ಕೊಂಡ್ರು, ಎಷ್ಟು ಮಾರ್ಬೇಕು ಎಷ್ಟು ಹಿಡೀಬೇಕು ಅಂತ ಮನೇಲಿ ಕೂತು ಲೆಕ್ಕ ಹಾಕಿದ್ದು ನಾನು, ಬೆಂಬಲ ಬೆಲೆ ನೋಂದಣಿಗೆ ಕ್ಯೂ ನಿಂತಿದ್ದೂ ನಾನೇ. ಆದ್ರೆ ಇದನ್ನ ಹೇಳಿದ್ರೆ ಅದೇ ವರ್ಷ ವಹಿವಾಟು ಶೇ 30 ಏರಿಸಿದೆ ಅಂತ ಬರ್ದಿದ್ದು ಸುಳ್ಳಾಗುತ್ತೆ! ಬಾಯಿ ಕಟ್ಟೋಯ್ತು. ಏನೇನೋ ಬಡಬಡಿಸಿದೆ. ಮೇಡಂ "ಥ್ಯಾಂಕ್ಯೂ" ಅಂದ್ರು, ಅರ್ಧ ಗಂಟೆ ಇಂಟರ್ವ್ಯೂ 17 ನಿಮಿಷಕ್ಕೆ ಮುಗೀತು.

ಇದಕ್ಕಿಂತ ಕೆಟ್ಟದ್ದು ಒಂದ್ವಾರ ಆದ್ಮೇಲೆ. ರೆಕಮೆಂಡೇಶನ್ ಲೆಟರ್‌ನ ಮ್ಯಾನೇಜರೇ ನೇರವಾಗಿ ಅಪ್‌ಲೋಡ್ ಮಾಡ್ಬೇಕು, ಸ್ಕೂಲಿಂದ ಲಿಂಕ್ ಅವ್ರಿಗೇ ಹೋಗುತ್ತೆ. ಕನ್ಸಲ್ಟೆಂಟ್ "ನಾವೇ ನೋಡ್ಕೋತೀವಿ" ಅಂದಿದ್ದಕ್ಕೆ ನಾನು ಸುಮ್ನಿದ್ದೆ. ಅವ್ರು ಮಾಡಿದ್ದೇನಪ್ಪ ಅಂದ್ರೆ ನಮ್ಮ ಮ್ಯಾನೇಜರ್ ಹೆಸ್ರಲ್ಲಿ ಒಂದು ಜಿಮೇಲ್ ಐಡಿ ಮಾಡಿ ಲೆಟರ್ ತಾವೇ ಬರ್ದು ಹಾಕಿದ್ರು. ಸ್ಕೂಲಿನೋರು ಅನುಮಾನ ಬಂದು ಮ್ಯಾನೇಜರ್‌ದು ಆಫೀಸ್ ಮೇಲ್ ಐಡಿಗೆ ಬರ್ದಿದಾರೆ. ಮ್ಯಾನೇಜರ್ ನನ್ನ ಮೀಟಿಂಗ್ ರೂಮಿಗೆ ಕರ್ದು ಲ್ಯಾಪ್‌ಟಾಪ್ ನನ್ನ ಕಡೆ ತಿರುಗ್ಸಿ "ಇದು ನಾನು ಬರ್ದಿದ್ದಾ?" ಅಂದ್ರು. ಬೈದಿದ್ರೆ ವಾಸಿ ಇತ್ತು. ಎಚ್‌ಆರ್‌ಗೆ ಹೇಳ್ಲಿಲ್ಲ, ಅದು ಅವ್ರ ದೊಡ್ಡತನ. ಆದ್ರೆ ಅವತ್ತಿಂದ ಕ್ಲೈಂಟ್ ಕಾಲ್‌ಗೆ ನನ್ನ ಹಾಕ್ತಿಲ್ಲ.

ಈಗ ಹೊಟ್ಟೆ ಉರಿಯೋದು ಏನಂದ್ರೆ ನನ್ನಂಥೋರಿಗೆ ದಾರಿ ಇಲ್ದೇ ಇರ್ಲಿಲ್ಲ. ಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಬರ್ದು ಐಐಎಂಗಳ ಎರಡು ವರ್ಷದ ಕೋರ್ಸ್‌ಗೆ ಹೋಗೋಕೆ ಎಕ್ಸ್‌ಪೀರಿಯನ್ಸ್ ಬೇಕೇ ಬೇಕು ಅಂತಿಲ್ಲ, ಇದ್ರೆ ಒಂದಿಷ್ಟು ವೆಯ್ಟೇಜ್ ಕೊಡ್ತಾರೆ ಅಷ್ಟೇ. ನಾನು ಕ್ಯಾಟ್ ಬರೀಲಾ ಅಂದಾಗ ಕನ್ಸಲ್ಟೆಂಟ್ "ಅದು ಫ್ರೆಶರ್ಸ್‌ಗೆ, ನಿಮ್ಮ ಪ್ರೊಫೈಲ್ ಬೇರೆ" ಅಂದಿದ್ರು, 2024ರ ಕ್ಯಾಟ್ ನವೆಂಬರ್ 24ಕ್ಕಿತ್ತು, ರಿಜಿಸ್ಟ್ರೇಶನ್ ಸೆಪ್ಟೆಂಬರಲ್ಲೇ ಮುಚ್ಚೋಯ್ತು. ಕೆಲಸ ಮಾಡಿರೋರಿಗೇ ಅಂತ ಇರೋ ಕೋರ್ಸ್‌ಗಳಿಗೆ ಕಮ್ಮಿ ಅಂದ್ರೂ ಎಷ್ಟು ಎಕ್ಸ್‌ಪೀರಿಯನ್ಸ್ ಬೇಕು ಅಂದ್ರೆ, ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್) ಪಿಜಿಪಿಗೆ 24 ತಿಂಗಳು, ಐಐಎಂ ಅಹಮದಾಬಾದ್ ಪಿಜಿಪಿಎಕ್ಸ್‌ಗೆ ನಾಲ್ಕು ವರ್ಷ, ನಮ್ಮ ಬೆಂಗಳೂರು ಐಐಎಂನ ಇಪಿಜಿಪಿಗೆ ಐದು ವರ್ಷ, ಇವೆಲ್ಲ ಅವ್ರವ್ರ ಸೈಟಲ್ಲೇ ಪುಕ್ಕಟೆ ಸಿಗುತ್ತೆ, ನಾನು ಇದನ್ನ ಕೇಳೋಕೆ ಲಕ್ಷ ಕೊಟ್ಟಿದ್ದು. ಇನ್ನೂ ಓದ್ತಿರೋರಿಗೆ ಹಾರ್ವರ್ಡ್‌ನ 2+2 ಥರದ್ದು ಇದೆ, ಫೈನಲ್ ಇಯರಲ್ಲೇ ಅಪ್ಲೈ ಮಾಡಿ ಸೀಟ್ ಸಿಕ್ರೆ ಕೆಲಸ ಮಾಡ್ಕೊಂಡು ಆಮೇಲೆ ಸೇರೋದು, ಡಿಗ್ರಿ ಮುಗ್ಸಿ ಕೆಲಸಕ್ಕೆ ಸೇರಿದ್ರೆ ಆ ಬಾಗಿಲು ಮುಚ್ತು, ನಂಗೆ ಇದು ಗೊತ್ತಾಗಿದ್ದೇ ಈ ವರ್ಷ. ಯೂರೋಪ್ ಕಡೆ ಮಾಸ್ಟರ್ಸ್ ಇನ್ ಮ್ಯಾನೇಜ್ಮೆಂಟ್ ಅಂತಿದೆ, ಅದಿರೋದೇ ಕೆಲಸದ ಅನುಭವ ಇಲ್ದೋರಿಗೆ, ಕಮ್ಮಿ ಇರೋರಿಗೆ. ಜಿಮ್ಯಾಟ್ ಸ್ಕೋರ್ ಐದು ವರ್ಷ ನಡೆಯುತ್ತೆ, ಅಂದ್ರೆ ನಂಗೆ ಅರ್ಜೆಂಟೇ ಇರ್ಲಿಲ್ಲ! ಅದನ್ನೂ ಆ ಮನುಷ್ಯ ಹೇಳ್ಲಿಲ್ಲ, ಹೇಳಿದ್ರೆ ನಾನು ಎರಡು ವರ್ಷ ಬಿಟ್ಟು ಬರ್ತೀನಿ ಅಂತ ಎದ್ದು ಹೋಗಿರ್ತಿದ್ದೆ.

ಹಂಗಾಗಿ ಯಾರಾದ್ರೂ ನಿಮ್ಮ ಎಸ್ಸೇ ತಾವೇ ಬರೀತೀವಿ ಅಂದ್ರೆ, ರೆಕಮೆಂಡರ್ ಮೇಲ್ ಐಡಿ ನಾವ್ ನೋಡ್ಕೋತೀವಿ ಅಂದ್ರೆ, ಇಂಟರ್ನ್‌ಶಿಪ್ಪು ಕಾಲೇಜ್ ಫೆಸ್ಟು ಎಲ್ಲ ಸೇರ್ಸಿ ಫುಲ್ ಟೈಮ್ ತೋರಿಸ್ತೀವಿ ಅಂದ್ರೆ, ಅಡ್ವಾನ್ಸ್ ಕಟ್ಟೋ ಮುಂಚೆ ಎದ್ದು ಬನ್ನಿ. ನನ್ನ ಅಗ್ರಿಮೆಂಟ್ ಕೊನೇ ಪೇಜಲ್ಲಿ ಸಣ್ಣಕ್ಷರದಲ್ಲಿ "ಅರ್ಜಿಯ ಎಲ್ಲ ವಿವರಗಳಿಗೂ ಅಭ್ಯರ್ಥಿಯೇ ಜವಾಬ್ದಾರ" ಅಂತ ಇತ್ತು, ನಾನು ಅದಕ್ಕೂ ಸೈನ್ ಮಾಡಿದೀನಿ.

ದುಡ್ಡು ವಾಪಸ್ ಕೇಳಿ ಮೂರು ಮೇಲ್ ಹಾಕ್ದೆ. ಬಂದ ಉತ್ತರ ಒಂದೇ, "ಸರ್ವೀಸ್ ಡೆಲಿವರ್ಡ್". ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದೀನಿ, ದೂರಿನ ನಂಬರ್ ಬಂದಿದೆ, ಅಷ್ಟೇ. ಈ ಮಧ್ಯೆ ಅದೇ ಆಫೀಸಿಂದ ನಿನ್ನೆ ನಂಗೆ ವಾಟ್ಸಾಪ್ ಬಂತು, ಹಳೇ ಕಸ್ಟಮರ್‌ಗೆ ಮುಂದಿನ ವರ್ಷದ ಪ್ಯಾಕೇಜ್ ಮೇಲೆ ಡಿಸ್ಕೌಂಟ್ ಅಂತೆ.