ಹ್ಯಾಲೋವೀನ್ ತಿಂಡಿ: ಬಿಳಿ ಚಾಕೊಲೇಟಾ, ಶ್ಯಾವಿಗೆಯಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಶ್ಯಾವಿಗೆಗೆ, ಅಂದರೆ ಅಕ್ಕಿಯ ಒತ್ತು ಶ್ಯಾವಿಗೆಗೆ. ಅಕ್ಟೋಬರ್ 31ಕ್ಕೆ ಮಕ್ಕಳನ್ನು ಸೇರಿಸಿ ಹ್ಯಾಲೋವೀನ್ ಪಾರ್ಟಿ, ಅಂದರೆ ಹೆದರಿಸುವ ವೇಷ ಹಾಕಿ ಆಡುವ ಪಾಶ್ಚಾತ್ಯ ಹಬ್ಬ, ಮಾಡುವ ಮನೆಗಳು ಈಗ ಕಾಸರಗೋಡಿನ ಕಡೆಯೂ ಇವೆ. ಗಲ್ಫಿನಿಂದ ವಾಪಸು ಬಂದವರ ಮನೆಯಲ್ಲಂತೂ ಮಕ್ಕಳೇ ಕೇಳುತ್ತಾರೆ. ನಮ್ಮಲ್ಲಿ ಕೇಳಿದ್ದು ಅಕ್ಕನ ಮಕ್ಕಳು. ದುಬೈಯಲ್ಲಿ ಅವರಿದ್ದ ಕಟ್ಟಡದಲ್ಲಿ ಪ್ರತಿ ವರ್ಷ ಇದು ಇತ್ತಂತೆ. ಬದಿಯಡ್ಕಕ್ಕೆ ಬಂದ ಮೇಲೂ ಬೇಕೇ ಬೇಕು ಅಂತ ಹಟ. ವೇಷದ ಕೆಲಸ ಅಕ್ಕನದ್ದು, ತಿಂಡಿಯ ಕೆಲಸ ನನ್ನದು ಅಂತ ಮಾತಾಯಿತು.

ಮೊದಲ ವರ್ಷ ಎಲ್ಲ ತರಿಸಿದ ಸಾಮಾನು. ಬಿಳಿ ಚಾಕೊಲೇಟ್ ಕಾಂಪೌಂಡ್, ಬಾವಲಿ ಆಕಾರದ ಸಿಲಿಕೋನ್ ಅಚ್ಚು, ಸಕ್ಕರೆಯ ಕಣ್ಣುಗಳ ಡಬ್ಬಿ. ಮುಂದಿನ ವರ್ಷ ಮನೆಯ ಚಕ್ಕುಲಿ ಒರಳು, ಅಕ್ಕಿ ಹಿಟ್ಟು, ಹಬೆ ಪಾತ್ರೆ. ನಡುವೆ ಇಡ್ಲಿ, ಗೋಳಿಬಜೆ, ಬಾಳೆಹಣ್ಣು ಎಲ್ಲವನ್ನೂ ನೋಡಿದ್ದೇನೆ.

ಅಮ್ಮ ಒಂದು ಕಂಡೀಷನ್ ಹಾಕಿದ್ದರು. ತುಲಾ ತಿಂಗಳ ಹತ್ತಕ್ಕೆ, ಅಂದರೆ ಅಕ್ಟೋಬರ್ ಕೊನೆಯ ವಾರಕ್ಕೆ, ನಮ್ಮ ಜಿಲ್ಲೆಯಲ್ಲಿ ತೆಯ್ಯಂ, ಅಂದರೆ ದೈವ ಕಟ್ಟುವ ಕಾಲ ಶುರುವಾಗುತ್ತದೆ. ಹಾಗಾಗಿ ದೈವದ ಮುಖ, ಮುಡಿ, ಬಣ್ಣ ಯಾವುದೂ ತಿಂಡಿಯ ಮೇಲೆ ಬರಬಾರದು. ನನಗೂ ಅದೇ ಸರಿ ಅನ್ನಿಸಿತು. ನಂಬಿಕೆಯಿಂದ ಕೈಮುಗಿಯುವುದನ್ನು ತಟ್ಟೆಯಲ್ಲಿ ಇಡುವುದು ಬೇಡ. ಜೇಡ, ಬಾವಲಿ, ಮಮ್ಮಿ (ಬಟ್ಟೆಪಟ್ಟಿ ಸುತ್ತಿದ ಈಜಿಪ್ಟಿನ ಹೆಣ), ಚೀನಿಕಾಯಿ (ಸಿಹಿಗುಂಬಳ). ಮಕ್ಕಳಿಗೆ ಅಷ್ಟು ಧಾರಾಳ ಸಾಕು.

ಈಗ ಚಾಕೊಲೇಟಿನ ಕಥೆ. ಎಲ್ಲ ಕಡೆ ಇದನ್ನೇ ಅತಿ ಸುಲಭ ಅಂತ ಹೇಳುತ್ತಾರೆ. ಮಾರಿ ಬಿಸ್ಕತ್ತನ್ನು ಕರಗಿಸಿದ ಬಿಳಿ ಚಾಕೊಲೇಟಿನಲ್ಲಿ ಅದ್ದುವುದು, ಮೇಲೆ ಅಡ್ಡಾದಿಡ್ಡಿ ಗೆರೆ ಎಳೆಯುವುದು, ಎರಡು ಕಣ್ಣು ಇಡುವುದು. ಮಮ್ಮಿ ತಯಾರು. ಕಾಂಪೌಂಡಿನಲ್ಲಿ ಕೊಕ್ಕೊ ಬೆಣ್ಣೆಯ ಬದಲು ಬೇರೆ ಸಸ್ಯದ ಕೊಬ್ಬು ಇರುವುದರಿಂದ, ಅಸಲಿ ಚಾಕೊಲೇಟಿನ ಹಾಗೆ ಅಳತೆಯ ಬಿಸಿಯಲ್ಲಿ ಕಾಯಿಸಿ ತಣಿಸುವ ಕಷ್ಟವೂ ಇಲ್ಲ. ಇದೆಲ್ಲ ನಿಜವೇ. ಒಣ ಹವೆಯ ಊರಿನಲ್ಲಿ ನಿಜ.

ನಮ್ಮಲ್ಲಿ ಅಕ್ಟೋಬರ್ ಕೊನೆ ಅಂದರೆ ಹಿಂಗಾರು ಮಳೆ. ಮಧ್ಯಾಹ್ನ ಉರಿ ಸೆಕೆ, ಸಂಜೆ ಗುಡುಗು. ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿಯಲ್ಲಿ ನೀರು. ಕೊಕ್ಕೊ ಗಿಡ ನಮ್ಮ ಅಡಿಕೆ ತೋಟದ ನೆರಳಲ್ಲೇ ಚೆನ್ನಾಗಿ ಬೆಳೆಯುತ್ತದೆ. ಹತ್ತಿರದ ಪುತ್ತೂರಿನಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ 1986ರಿಂದ ಇದೆ. ಆದರೆ ಗಿಡಕ್ಕೆ ಹಿಡಿಸುವ ಹವೆ ಚಾಕೊಲೇಟಿಗೆ ಹಿಡಿಸುವುದಿಲ್ಲ. ಅದಕ್ಕೆ ತಂಪು, ಒಣ ಕೋಣೆ ಬೇಕು. ನಮ್ಮ ಅಡುಗೆಮನೆ ಎರಡೂ ಅಲ್ಲ.

ಬಿಸಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕಾಂಪೌಂಡ್ ಕರಗಿಸುತ್ತಿದ್ದೆ. ಅರ್ಧ ಕರಗಿ ಹೊಳೆಯುತ್ತಿತ್ತು. ಕೆಳಗಿನ ಹಬೆ ಮೇಲಿನ ಪಾತ್ರೆಯ ಅಂಚಿಗೆ ತಾಗಿ, ಹನಿಯಾಗಿ ಒಳಗೆ ಇಳಿಯಿತು. ನೋಡನೋಡುತ್ತಲೇ ಇಡೀ ಪಾತ್ರೆ ಕೂಡಿಬಾರದ ರವೆ ಉಂಡೆಯ ಹಾಗೆ ತರಿತರಿಯಾಗಿ ಮುದ್ದೆಗಟ್ಟಿತು. ಚಾಕೊಲೇಟಿನಲ್ಲಿ ಸಕ್ಕರೆಯ ಮತ್ತು ಹಾಲಿನ ಪುಡಿಯ ಸಣ್ಣ ಕಣಗಳು ಕೊಬ್ಬಿನ ನಡುವೆ ಬಿಡಿಬಿಡಿಯಾಗಿ ಇರುತ್ತವೆ. ಅಲ್ಲಿ ನೀರಿನ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಒಂದಿಷ್ಟು ನೀರು ಸೇರಿದರೆ ಸಕ್ಕರೆ ಒದ್ದೆಯಾಗಿ ಕಣಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನೂ ಸ್ವಲ್ಪ ಬಿಸಿ ಹಾಲು ಸುರಿದರೆ ಸಡಿಲವಾಗುತ್ತದೆ, ಆದರೆ ಅದು ಸಾಸು. ಬಿಸ್ಕತ್ತಿನ ಮೇಲೆ ಹೆಪ್ಪುಗಟ್ಟಿ ನಿಲ್ಲುವುದಿಲ್ಲ.

ಭಾವ ಕಾಸರಗೋಡು ಪೇಟೆಗೆ ಹೋಗಿ ಇನ್ನೊಂದು ಪ್ಯಾಕೆಟ್ ತಂದರು. ಈ ಸಲ ಒಲೆ ಆರಿಸಿ, ನೀರಿನ ಬಿಸಿಯಲ್ಲೇ ಕರಗಿಸಿದೆ. ಬಿಸ್ಕತ್ತು ಚೆಂದ ಬಂತು. ಫ್ರಿಜ್ಜಿನಲ್ಲಿ ಇಟ್ಟೆ. ಪಾರ್ಟಿಯ ಹೊತ್ತಿಗೆ ಹೊರಗೆ ತೆಗೆದರೆ ಕ್ಷಣದಲ್ಲಿ ಮೇಲೆಲ್ಲ ಬೆವರು. ತಣ್ಣಗಿನ ಬಿಸ್ಕತ್ತಿನ ಮೇಲೆ ಗಾಳಿಯ ತೇವವೆಲ್ಲ ಬಂದು ಕೂತಿತು. ಸಕ್ಕರೆ ಕಣ್ಣಿನ ಕಪ್ಪು ಬಣ್ಣ ಕರಗಿ ಕೆಳಗಿಳಿಯಿತು. ಮಮ್ಮಿ ಅಳುತ್ತಿದೆ ಅಂತ ಸಣ್ಣವಳು ಖುಷಿಪಟ್ಟಳು. ಆದರೆ ಆ ಕಪ್ಪು ಕೈಗೆ, ಅಂಗಿಗೆ, ಕುರ್ಚಿಯ ಬಟ್ಟೆಗೆ ಎಲ್ಲಾ ಹತ್ತಿತು. ಅಷ್ಟರಲ್ಲಿ ಗುಡುಗು, ಕರೆಂಟು ಹೋಯಿತು, ಫ್ರಿಜ್ಜಿನೊಳಗೆ ಇದ್ದವೂ ಮೆತ್ತಗಾದವು. ಮರುದಿನ ಉಳಿದವುಗಳ ಮೇಲೆ ಮಾಸಿದ, ಒರಟು ಪದರ. ಕರಗಿದ ಸಕ್ಕರೆ ನೀರು ಆರಿದ ಮೇಲೆ ಮತ್ತೆ ಹರಳಾಗಿ ಕೂತದ್ದು ಅದು. ಬೂಷ್ಟಲ್ಲ, ತಿನ್ನಬಹುದು. ಮಕ್ಕಳು ಮಾತ್ರ ಮುಟ್ಟಲಿಲ್ಲ.

ಇದಕ್ಕೆ ಉಪಾಯ ಇಲ್ಲವೆಂದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಡಬೇಕು. ಹೊರಗೆ ತೆಗೆದ ಮೇಲೂ ಡಬ್ಬಿ ತೆರೆಯಬಾರದು. ಒಳಗಿನ ತಣಿವು ಪೂರ್ತಿ ಬಿಟ್ಟ ಮೇಲೆ ತೆರೆದರೆ ಬೆವರೆಲ್ಲ ಡಬ್ಬಿಯ ಹೊರಮೈಯಲ್ಲೇ ಇರುತ್ತದೆ. ಆದರೆ ತಣಿವು ಬಿಟ್ಟ ಚಾಕೊಲೇಟು ಸೆಕೆಯಲ್ಲಿ ಬೆರಳಿಗೆ ಅಂಟುತ್ತದೆ. ಎಸಿ ಇಲ್ಲದ ಮನೆಯಲ್ಲಿ ಈ ಎರಡರಲ್ಲಿ ಒಂದು ತೊಂದರೆ ಇದ್ದೇ ಇರುತ್ತದೆ.

ಶ್ಯಾವಿಗೆಗೆ ತೇವದ ಭಯ ಇಲ್ಲ. ಅದು ಹುಟ್ಟುವುದೇ ಹಬೆಯಲ್ಲಿ. ಗಾಳಿಯಲ್ಲಿ ತೇವ ಇದ್ದಷ್ಟೂ ಅದು ಒಣಗದೆ ಮೆತ್ತಗೆ ಉಳಿಯುತ್ತದೆ. ಚಾಕೊಲೇಟನ್ನು ಹಾಳುಮಾಡಿದ ಹವೆಯೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಇಷ್ಟು ಗೊತ್ತಾದ ಮೇಲೆ ನಾನು ತರಿಸುವ ಸಾಮಾನಿನ ಕಡೆ ನೋಡಲಿಲ್ಲ.

ನಮ್ಮ ಮನೆಗಳ ಹಳೆಯ ಕ್ರಮದ ಶ್ಯಾವಿಗೆ ದೊಡ್ಡ ಕೆಲಸ. ಅಕ್ಕಿ ನೆನೆಸಿ, ಕಾಯಿ ಹಾಕಿ ಕಡೆದು, ಹಿಟ್ಟು ಕಾಯಿಸಿ, ಉಂಡೆ ಬೇಯಿಸಿ, ಬಿಸಿಬಿಸಿ ಇರುವಾಗಲೇ ದೊಡ್ಡ ಒರಳಿನಲ್ಲಿ ಒತ್ತಬೇಕು. ಅದು ಹಬ್ಬದ ಕ್ರಮ, ಇಬ್ಬರ ಕೈ ಬೇಕು. ಪಾರ್ಟಿಗೆ ಮಲಯಾಳಿ ನೆರೆಯವರ ನೂಲ್‌ಪುಟ್ಟಿನ ಕ್ರಮ ಒಳ್ಳೆಯದು. ಹುರಿದ ನುಣ್ಣಗಿನ ಅಕ್ಕಿ ಹಿಟ್ಟಿಗೆ ಉಪ್ಪು, ಒಂದು ಚಮಚ ತೆಂಗಿನೆಣ್ಣೆ, ಕುದಿಯುವ ನೀರು. ಒಂದು ಲೋಟ ಹಿಟ್ಟಿಗೆ ಒಂದೂಕಾಲು ಲೋಟ ನೀರಿನಿಂದ ಶುರುಮಾಡಿ, ಹಿಟ್ಟು ಕೇಳಿದರೆ ಸ್ವಲ್ಪ ಜಾಸ್ತಿ. ಮುಟ್ಟುವಷ್ಟು ಬಿಸಿ ಇರುವಾಗಲೇ ನಾದಿ, ಒತ್ತಿ. ತಣಿದರೆ ಒರಳು ತಿರುಗುವುದಿಲ್ಲ, ಎಳೆ ತುಂಡಾಗುತ್ತದೆ.

ಮಮ್ಮಿಗೆ ಒಳಗೊಂದು ಮೈ ಬೇಕಲ್ಲ? ಬೇಯಿಸಿದ ಬಟಾಟೆ, ಬಟಾಣಿ, ಕ್ಯಾರೆಟ್ ಹಾಕಿದ ಪಲ್ಯವನ್ನು ಬೆರಳುದ್ದ ಉರುಟಿಸಿ ಬಾಳೆಲೆಯ ತುಂಡಿನ ಮೇಲೆ ಇಡಿ. ಅದರ ಮೇಲೆ ಹಿಟ್ಟನ್ನು ಅಡ್ಡ, ಓರೆ ಒತ್ತುತ್ತಾ ಹೋಗಿ. ತಲೆಯ ಹತ್ತಿರ ಒಂದು ಸಂದು ಬಿಡಿ. ಆ ಸಂದಿನಲ್ಲಿ ಹಳದಿ ಪಲ್ಯ ಕಾಣಬೇಕು. ಎಲೆ ಸಮೇತ ಎಂಟು ಹತ್ತು ನಿಮಿಷ ಹಬೆಯಲ್ಲಿ ಬೆಂದರೆ ಆಯಿತು. ಕಣ್ಣಿಗೆ ಎರಡು ಚೂರು ಬಿಳಿ ಕಾಯಿ, ಅದರ ಮೇಲೆ ಒಂದೊಂದು ಕರಿ ಎಳ್ಳು, ಅಂಟಿಸಲು ದಪ್ಪ ಬೆಲ್ಲದ ಪಾಕ. ಈ ಕಣ್ಣು ಬಣ್ಣ ಬಿಡುವುದಿಲ್ಲ. ಸಿಹಿ ಬೇಕಾದವರಿಗೆ ಪಲ್ಯದ ಬದಲು ಕಾಯಿಬೆಲ್ಲದ ಹೂರಣ. ಅದರ ಕಂದು ಬಣ್ಣ ಬಿಳಿ ಎಳೆಗಳ ನಡುವೆ ಇನ್ನೂ ಚೆಂದ ಕಾಣುತ್ತದೆ.

ಇಲ್ಲಿ ನಾನು ಕಂಡುಕೊಂಡ ಒಂದು ಸಂಗತಿ ತುಂಬಾ ಉಪಯೋಗಕ್ಕೆ ಬಂತು. ಚಕ್ಕುಲಿ ಒರಳಿನ ಜೊತೆ ಬರುವ ಬಿಲ್ಲೆಗಳಲ್ಲಿ ರಿಬ್ಬನ್ ಪಕೋಡದ್ದು ಒಂದು ಇರುತ್ತದಲ್ಲ, ಉದ್ದ ಸೀಳಿನದ್ದು? ಅದನ್ನು ಹಾಕಿದರೆ ಎಳೆಯ ಬದಲು ಪಟ್ಟಿ ಬರುತ್ತದೆ. ಆಸ್ಪತ್ರೆಯಲ್ಲಿ ಕಟ್ಟುವ ಬ್ಯಾಂಡೇಜೇ! ಒತ್ತುವುದೂ ಸಲೀಸು, ಬೇಯುವಾಗ ಎಳೆಗಳು ಒಂದಾಗಿ ಮುದ್ದೆಯಾಗುವುದೂ ಇಲ್ಲ. ಸಣ್ಣ ತೂತಿನ ಬಿಲ್ಲೆಯಲ್ಲಿ ಮಾಡಿದ್ದು ಜೇಡರ ಬಲೆಗೆ ಸರಿ. ಮಕ್ಕಳಿಗೂ ಒತ್ತಲು ಕೊಡಬಹುದು. ಚಾಕೊಲೇಟಿನಲ್ಲಿ ಅವರನ್ನು ಒಲೆಯ ಹತ್ತಿರ ಬಿಡಲು ಭಯ. ಇಲ್ಲಿ ಮೇಜಿನ ಸುತ್ತ ಕೂತು ಪ್ರತಿಯೊಬ್ಬರೂ ತಮ್ಮದೇ ಮಮ್ಮಿ ಸುತ್ತಿದರು. ಹಬೆ ಪಾತ್ರೆ ಮಾತ್ರ ನನ್ನ ಕೈಯಲ್ಲಿ.

ಚೀನಿಕಾಯಿಗೂ ಹಬೆಯೇ ಸರಿ. ಐರ್ಲೆಂಡ್ ಕಡೆ ಹಿಂದೆ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪ ಇಡುತ್ತಿದ್ದರು. ಅಲ್ಲಿಯವರು ಅಮೆರಿಕಕ್ಕೆ ಹೋದ ಮೇಲೆ ಅದು ಚೀನಿಕಾಯಿಗೆ ಬಂತು. ನಮ್ಮ ಮಳೆಗೆ ಕೊರೆದಿಟ್ಟ ಚೀನಿಕಾಯಿ ಬೇಗ ಬೂಷ್ಟು ಹಿಡಿಯುತ್ತದೆ. ಒಳ್ಳೆಯ ತರಕಾರಿ ಸುಮ್ನೆ ಹಾಳು. ಅದರ ಬದಲು ಬೇಯಿಸಿ ಹಿಸುಕಿ, ಬೆಲ್ಲ ಸೇರಿಸಿ, ಅಕ್ಕಿ ಹಿಟ್ಟಿನಲ್ಲಿ ಕಲಸಿ, ನಿಂಬೆ ಗಾತ್ರದ ಉಂಡೆ ಮಾಡಿ. ಚಾಕುವಿನ ಬೆನ್ನಿನಿಂದ ಸುತ್ತ ಗೆರೆ ಒತ್ತಿ ಹಬೆಗೆ ಇಡಿ. ಬಣ್ಣ ಹಾಕದೆಯೇ ಕೇಸರಿ ಬಣ್ಣದ ಪುಟ್ಟ ಚೀನಿಕಾಯಿಗಳು. ತೊಟ್ಟಿಗೆ ಲವಂಗ ಚುಚ್ಚಬೇಡಿ, ಸಣ್ಣ ಮಕ್ಕಳ ಗಂಟಲಿಗೆ ಅಪಾಯ. ಒಂದು ಒಣದ್ರಾಕ್ಷಿ ಸಾಕು.

ಪುಟ್ಟ ಇಡ್ಲಿಗೆ ಕಣ್ಣಿಟ್ಟರೂ ಆಗುತ್ತದೆ, ಕೆಲಸ ಎಲ್ಲಕ್ಕಿಂತ ಕಡಿಮೆ. ಬೀಟ್ರೂಟ್ ಹಾಕಿ ಕಡೆದ ಚಟ್ನಿ ಜೊತೆಗಿದ್ದರೆ ನೋಡಲೂ ಜೋರು. ಆದರೆ ದಿನಾ ತಿನ್ನುವ ಇಡ್ಲಿ ಅಂತ ಮಕ್ಕಳಿಗೆ ಗೊತ್ತು. ಹೊತ್ತಿಲ್ಲದವರಿಗೆ ಇದು.

ಗೋಳಿಬಜೆಯ ಜೇಡ ನನಗೆ ತುಂಬಾ ಇಷ್ಟ. ಉರುಟು ಬಜೆಗೆ ಖಾರಕಡ್ಡಿ ಚುಚ್ಚಿದರೆ ಕಾಲು. ಆರು ಕಾಲು ಇಟ್ಟು ಕೊಟ್ಟರೆ ದೊಡ್ಡವನು ಎಣಿಸಿ, "ಚಿಕ್ಕಮ್ಮಾ, ಜೇಡಕ್ಕೆ ಎಂಟು" ಅಂತ ವಾಪಸು ಕೊಟ್ಟ. ಸರಿಯಾದ ಮಾತು, ಎಂಟೇ ಇಡಿ. ತೊಂದರೆ ಏನೆಂದರೆ ಬಜೆ ಬಿಸಿ ಇರಬೇಕು, ಕಡ್ಡಿ ಗರಿಗರಿ ಇರಬೇಕು. ನಮ್ಮ ಹವೆಯಲ್ಲಿ ಕಡ್ಡಿ ಡಬ್ಬಿಯಿಂದ ಹೊರಗೆ ಬಂದ ಸ್ವಲ್ಪ ಹೊತ್ತಿಗೇ ಮೆತ್ತಗೆ. ಹಾಗಾಗಿ ಮಕ್ಕಳು ಬಂದ ಮೇಲೆ ನೀವು ಬಾಣಲೆಯ ಮುಂದೆಯೇ ನಿಂತಿರಬೇಕು. ಆಟ ನೋಡಲು ಆಗುವುದಿಲ್ಲ.

ಬಾಳೆಹಣ್ಣಿನ ತುಂಡು ನಿಲ್ಲಿಸಿ ಒಣದ್ರಾಕ್ಷಿ ಕಣ್ಣಿಡುವುದು: ಬೇಗ ಕಪ್ಪಾಗುತ್ತದೆ. ನಿಂಬೆರಸ ಸವರಿದರೆ ಸ್ವಲ್ಪ ತಡ. ಕಿತ್ತಳೆ ಸುಲಿದು ನಡುವೆ ಸೌತೆಕಾಯಿಯ ಹಸಿರು ತುಂಡು ಸಿಕ್ಕಿಸಿದರೆ ಅದೂ ಪುಟ್ಟ ಚೀನಿಕಾಯಿ. ಎಲ್ಲರೂ ಮಾಡಬಹುದು, ಮಾಡಲೇಬೇಕು. ಕುಡಿಯಲು ಪುನರ್ಪುಳಿ ಶರಬತ್ತು. ಅಷ್ಟು ಒಳ್ಳೆಯ ರಕ್ತದ ಬಣ್ಣ ಯಾವ ಬಾಟಲಿಯಲ್ಲೂ ಇಲ್ಲ. ಬೇಕರಿಗೆ ಹೇಳಿ ಮಾಡಿಸಿದ ಕಪ್ಪು ಕ್ರೀಮಿನ ಕಪ್‌ಕೇಕ್ ಒಂದು ಸಲ ಸಾಕಾಯಿತು. ಹಲ್ಲು, ನಾಲಗೆ ಎಲ್ಲಾ ಕಪ್ಪು.

ದುಡ್ಡಿನ ಲೆಕ್ಕಕ್ಕೆ ಬಂದರೆ, ಕಾಂಪೌಂಡ್, ಅಚ್ಚು, ಕಣ್ಣು ತರಿಸುವ ಖರ್ಚಿನಲ್ಲಿ ಶ್ಯಾವಿಗೆ, ಚೀನಿಕಾಯಿ ಉಂಡೆ, ಶರಬತ್ತು ಎಲ್ಲ ಸೇರಿ ಪಾರ್ಟಿ ಮುಗಿಯುತ್ತದೆ. ನಮ್ಮಲ್ಲಿ ಚಕ್ಕುಲಿ ಒರಳು ಇಲ್ಲದ ಮನೆ ಕಡಿಮೆ. ಎಸಿ ಕೋಣೆ ಇರುವವರು, ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರುವವರು ಚಾಕೊಲೇಟಿನ ಮಮ್ಮಿಯನ್ನು ಧೈರ್ಯವಾಗಿ ಮಾಡಬಹುದು. ಮುಂಚಿನ ದಿನವೇ ಮಾಡಿ ಇಡಬಹುದು ಅನ್ನುವ ಒಂದು ಅನುಕೂಲ ಅದಕ್ಕೆ ಇದೆ. ಶ್ಯಾವಿಗೆಯನ್ನು ಅದೇ ದಿನ ಮಧ್ಯಾಹ್ನವೇ ಮಾಡಬೇಕು. ಸಂಜೆಯವರೆಗೆ ಒದ್ದೆ ಬಟ್ಟೆ ಮುಚ್ಚಿಟ್ಟರೆ ಏನೂ ಆಗುವುದಿಲ್ಲ. ಬಟಾಟೆ ಪಲ್ಯ ತುಂಬಿದ್ದನ್ನು ಮಾತ್ರ ರಾತ್ರಿಗೆ ಮುಗಿಸಿಬಿಡಿ.

ಒಳಗೆ ಏನೂ ತುಂಬದ ಶ್ಯಾವಿಗೆ ಉಳಿದರೆ ಫ್ರಿಜ್ಜಿನಲ್ಲಿಡಿ. ಮರುದಿನ ನವೆಂಬರ್ 1. ಶಾಲೆಯಲ್ಲಿ ಕೇರಳ ಪಿರವಿ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನ. ನಮಗೆ ಕನ್ನಡ ರಾಜ್ಯೋತ್ಸವ. ಬೆಳಗ್ಗೆ ಮಕ್ಕಳನ್ನು ಹೊರಡಿಸುವ ಗಡಿಬಿಡಿಯಲ್ಲಿ ಅದನ್ನೇ ಉದುರಿಸಿ, ಸಾಸಿವೆ, ಉದ್ದಿನಬೇಳೆ, ಕರಿಬೇವಿನ ಒಗ್ಗರಣೆ ಹಾಕಿ, ಮೇಲೆ ಕಾಯಿತುರಿ ಬೆರೆಸಿದರೆ ತಿಂಡಿ ಆಯಿತು.