300 ಓಮ್ ಹೆಡ್‌ಫೋನಿಗೆ ಕೈಗೆಟುಕುವ ಆಂಪ್: ಕೊಡಗಿನ ಮನೆಯೊಂದರಲ್ಲಿ ಫೀಓ ಕೆ7

ಕಳೆದ ವರ್ಷ ಮಳೆಗಾಲ ಹಿಡಿಯುವ ಮೊದಲು ನಾನು ಸೆನ್‌ಹೈಸರ್ ಎಚ್‌ಡಿ 600 ಹೆಡ್‌ಫೋನ್ ಕೊಂಡೆ. 1997ರಲ್ಲಿ ಮಾರುಕಟ್ಟೆಗೆ ಬಂದು ಇಂದಿಗೂ ಮಾರಾಟದಲ್ಲಿರುವ ಈ ಮಾದರಿಯ ಬಗ್ಗೆ ಹೊಸದಾಗಿ ಹೇಳಬೇಕಾದದ್ದು ಹೆಚ್ಚಿಲ್ಲ. ಮನುಷ್ಯರ ಕಂಠವನ್ನು ಅದು ಕೇಳಿಸುವಷ್ಟು ಸಹಜವಾಗಿ ಕೇಳಿಸುವ ಬೇರೊಂದು ಹೆಡ್‌ಫೋನ್ ನನ್ನ ಕೈಗೆ ಬಂದಿಲ್ಲ. ತೊಂದರೆ ಶುರುವಾದದ್ದು ಜೂನ್ ತಿಂಗಳಲ್ಲಿ. ಸಿದ್ದಾಪುರದ ಸಮೀಪದ ನಮ್ಮ ಮನೆಗೆ ಹೆಂಚಿನ ಮಾಡು. ಎಚ್‌ಡಿ 600 ಹಿಂಬದಿ ತೆರೆದಿರುವ ಹೆಡ್‌ಫೋನ್ ಆದ್ದರಿಂದ ಹೊರಗಿನ ಸದ್ದನ್ನು ಅದು ತಡೆಯುವುದೇ ಇಲ್ಲ. ಮೊಬೈಲಿಗೆ ಸಾಧಾರಣ ಟೈಪ್-ಸಿ ಡಾಂಗಲ್ (ಹೆಡ್‌ಫೋನ್ ಜ್ಯಾಕ್ ಒದಗಿಸುವ ಪುಟ್ಟ ಸಾಧನ) ಸಿಕ್ಕಿಸಿ ಹಳೆಯ ಹಿಂದುಸ್ತಾನಿ ಗಾಯನದ ಧ್ವನಿಮುದ್ರಣವೊಂದನ್ನು ಹಾಕಿದರೆ, ಧ್ವನಿಯನ್ನು ಕೊನೆಯವರೆಗೆ ಏರಿಸಿದ ಮೇಲೂ ವಿಲಂಬಿತ್ ಆಲಾಪದ ನಡುವಿನ ತಂಬೂರಿ ಮಳೆಯ ಸದ್ದಿನಡಿಯಲ್ಲಿ ಕರಗಿಹೋಗುತ್ತಿತ್ತು. ಅದೇ ಡಾಂಗಲಿನಲ್ಲಿ ಹೊಸ ಸಿನಿಮಾ ಹಾಡು ಹಾಕಿದರೆ ಧ್ವನಿ ಬೇಕಾದಷ್ಟಿತ್ತು. ಈ ವ್ಯತ್ಯಾಸ ಏಕೆಂದು ತಿಳಿದುಕೊಳ್ಳದೆ ಆಂಪ್ (ಹೆಡ್‌ಫೋನಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್) ಕೊಳ್ಳಬಾರದು ಎಂದು ತೀರ್ಮಾನಿಸಿದೆ. ಇಪ್ಪತ್ತು ಸಾವಿರ ರೂಪಾಯಿ ಮೀರಬಾರದು ಎಂಬ ಮಿತಿಯನ್ನೂ ಹಾಕಿಕೊಂಡೆ.

ಲೆಕ್ಕ ಕಷ್ಟದ್ದಲ್ಲ, ಅಂಗಡಿಯವರು ಮಾತ್ರ ಇದನ್ನು ಹೇಳುವುದು ಅಪರೂಪ. ಎಚ್‌ಡಿ 600ರ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 300 ಓಮ್. ಒಂದು ಮಿಲಿವ್ಯಾಟ್ ಶಕ್ತಿ ಕೊಟ್ಟರೆ ಅದು ಸುಮಾರು 97 ಡೆಸಿಬೆಲ್ ಸದ್ದು ಮಾಡುತ್ತದೆ. ಸಾಮಾನ್ಯ ಡಾಂಗಲ್ ಕೊಡುವುದು ಹೆಚ್ಚೆಂದರೆ ಒಂದು ವೋಲ್ಟ್. 300 ಓಮಿಗೆ ಒಂದು ವೋಲ್ಟ್ ಎಂದರೆ ಮೂರು ಮಿಲಿವ್ಯಾಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಅತಿ ಜೋರಾದ ಕ್ಷಣದಲ್ಲಿ ಸುಮಾರು 102 ಡೆಸಿಬೆಲ್. ಇದು ಕಡಿಮೆಯೇನಲ್ಲ ಎನಿಸಬಹುದು. ಆದರೆ ಹೊಸ ಹಾಡುಗಳನ್ನು ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ ಜೋರಾಗಿರುವಂತೆ ಒತ್ತಿ ಸಿದ್ಧಪಡಿಸುತ್ತಾರೆ. ಶಾಸ್ತ್ರೀಯ ಸಂಗೀತದ ಒಳ್ಳೆಯ ಧ್ವನಿಮುದ್ರಣದಲ್ಲಿ ಅತಿ ಜೋರಾದ ಕ್ಷಣಕ್ಕೂ ಸರಾಸರಿ ಮಟ್ಟಕ್ಕೂ 20 ಡೆಸಿಬೆಲ್ ಅಂತರವಿರುವುದು ಸಹಜ, ಆಲಾಪವಂತೂ ಇನ್ನೂ ಕೆಳಗೆ ಇರುತ್ತದೆ. ಅಂಥ ಧ್ವನಿಮುದ್ರಣಕ್ಕೆ ತಕ್ಕ ಮೀಸಲು ಇರಬೇಕಾದರೆ ಗರಿಷ್ಠ ಮಟ್ಟ 110 ಡೆಸಿಬೆಲ್ ತಲುಪುವಂತಿರಬೇಕು. ಅದಕ್ಕೆ ಎಚ್‌ಡಿ 600 ಕೇಳುವುದು 20 ಮಿಲಿವ್ಯಾಟ್ ಮಾತ್ರ, ಅಂದರೆ ಸುಮಾರು ಎರಡೂವರೆ ವೋಲ್ಟ್ ಮತ್ತು ಎಂಟು ಮಿಲಿಆಂಪಿಯರ್. ಇಲ್ಲಿ ಹೇಳಿದ 110 ಎನ್ನುವುದು ಕ್ಷಣಮಾತ್ರದ ಏರಿಕೆಗೆ ಇಟ್ಟುಕೊಳ್ಳುವ ಮೀಸಲೇ ಹೊರತು ಕೇಳುವ ಮಟ್ಟವಲ್ಲ. ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗಡಿ. ಮಳೆಯ ಸದ್ದನ್ನು ಗೆಲ್ಲಲು ಧ್ವನಿ ಏರಿಸುತ್ತಾ ಹೋಗುವ ಅಭ್ಯಾಸ ಕಿವಿಗೆ ನಿಜವಾದ ಅಪಾಯ, ಜೋರು ಮಳೆಯ ಹೊತ್ತಿನಲ್ಲಿ ನಾನು ಹೆಡ್‌ಫೋನನ್ನು ಪಕ್ಕಕ್ಕಿಡುತ್ತೇನೆ.

ಇದೇ ಲೆಕ್ಕವನ್ನು ಪ್ಲೇನಾರ್ ಹೆಡ್‌ಫೋನಿಗೆ (ತೆಳುವಾದ ಚಪ್ಪಟೆ ಹಾಳೆ ಕಂಪಿಸಿ ಸದ್ದು ಮಾಡುವ ಬಗೆ) ಹಾಕಿದರೆ ಚಿತ್ರ ಬೇರೆಯಾಗುತ್ತದೆ. ಹೈಫೈಮ್ಯಾನ್ ಸುಂದರಾ ಮೊದಲು ಬಂದಾಗ ಕಂಪನಿ ಕೊಟ್ಟ ಅಂಕಿಗಳು 37 ಓಮ್ ಮತ್ತು 94 ಡೆಸಿಬೆಲ್. 110 ಡೆಸಿಬೆಲಿಗೆ ಅದು 40 ಮಿಲಿವ್ಯಾಟ್ ಕೇಳುತ್ತದೆ; ವೋಲ್ಟೇಜು 1.2 ಸಾಕು, ಆದರೆ ಕರೆಂಟು 33 ಮಿಲಿಆಂಪಿಯರ್ ಬೇಕು, ಅಂದರೆ ಎಚ್‌ಡಿ 600 ಎಳೆಯುವುದರ ನಾಲ್ಕು ಪಟ್ಟು. ಆದ್ದರಿಂದ ಓಮ್ ಹೆಚ್ಚಿದ್ದರೆ ದೊಡ್ಡ ಆಂಪ್ ಬೇಕು, ಕಡಿಮೆಯಿದ್ದರೆ ಬೇಡ ಎಂಬ ಮಾತು ಅರ್ಧ ಸತ್ಯ. ಒಂದಕ್ಕೆ ವೋಲ್ಟೇಜಿನ ಹಸಿವು, ಇನ್ನೊಂದಕ್ಕೆ ಕರೆಂಟಿನ ಹಸಿವು. ಆಂಪಿನ ಪೆಟ್ಟಿಗೆಯ ಮೇಲೆ ಬರೆದ ಒಂದೇ ಒಂದು ದೊಡ್ಡ ಮಿಲಿವ್ಯಾಟ್ ಅಂಕಿಯನ್ನು ನೋಡಿ ಮರುಳಾಗಬಾರದು. ಅದು ಎಷ್ಟು ಓಮಿಗೆ ಕೊಟ್ಟ ಅಂಕಿ ಎಂದು ಕೇಳಬೇಕು. ಶಕ್ತಿ ಎರಡು ಪಟ್ಟಾದರೂ ಸದ್ದು ಏರುವುದು ಮೂರೇ ಡೆಸಿಬೆಲ್ ಎಂಬುದನ್ನು ನೆನಪಿಟ್ಟರೆ, ಒಂದು ವ್ಯಾಟಿನ ಆಂಪಿಗೂ ಎರಡು ವ್ಯಾಟಿನ ಆಂಪಿಗೂ ಇರುವ ಬೆಲೆಯ ವ್ಯತ್ಯಾಸ ದುಬಾರಿಯಾಗಿಯೇ ಕಾಣುತ್ತದೆ.

ಆಂಪಿನ ಔಟ್‌ಪುಟ್ ಇಂಪೀಡೆನ್ಸ್ (ಆಂಪಿನದೇ ಒಳಗಿನ ತಡೆ) ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಬೇಕು ಎಂಬುದು ಇನ್ನೊಂದು ನಿಯಮ. ಎಚ್‌ಡಿ 600ರ ಇಂಪೀಡೆನ್ಸ್ 100 ಹರ್ಟ್ಸ್ ಆಸುಪಾಸಿನಲ್ಲಿ 500 ಓಮಿನ ಸಮೀಪಕ್ಕೆ ಏರುವುದರಿಂದ, 100 ಓಮಿನ ಔಟ್‌ಪುಟ್ ಇರುವ ಹಳೆಯ ರಿಸೀವರಿಗೆ ಹಾಕಿದರೆ ತಗ್ಗಿನ ಸ್ವರಗಳು ಸುಮಾರು ಒಂದು ಡೆಸಿಬೆಲ್ ಉಬ್ಬಿ ಕೇಳಿಸುತ್ತವೆ. ಕೆಲವರಿಗೆ ಅದೇ ಹಿತ. ಇಂದಿನ ಹೆಚ್ಚಿನ ಆಂಪ್‌ಗಳಲ್ಲಿ ಈ ಅಂಕಿ ಒಂದೆರಡು ಓಮ್ ಇರುವುದರಿಂದ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಅಗ್ಗದ ದರದಲ್ಲಿ ಅತ್ಯುತ್ತಮ ಆಂಪ್ ಸಾಧ್ಯ ಎಂಬುದನ್ನು 2011ರಲ್ಲಿ ಓ2 ಎಂಬ ವಿನ್ಯಾಸ ಅಳತೆಗಳ ಸಮೇತ ತೋರಿಸಿಕೊಟ್ಟಿತು. ಅದರ ನಕ್ಷೆಯನ್ನು ಯಾರು ಬೇಕಾದರೂ ನೋಡಿ ಕಟ್ಟಿಕೊಳ್ಳಬಹುದಾಗಿತ್ತು. ಅದರ ನಂತರ ಶೀಟ್ ಮ್ಯಾಗ್ನಿ, ಜೆಡಿಎಸ್ ಲ್ಯಾಬ್ಸ್ ಆಟಮ್ ಮುಂತಾದವು ಅಮೆರಿಕದಲ್ಲಿ ನೂರು ಡಾಲರಿನ ಆಸುಪಾಸಿಗೆ ಬಂದವು. ನನ್ನ ಮೊದಲ ಮನಸ್ಸು ಇವುಗಳ ಮೇಲೆಯೇ ಇತ್ತು. ಅಷ್ಟರಲ್ಲಿ ವಿರಾಜಪೇಟೆಯಲ್ಲಿ ರೇಡಿಯೊ, ಟಿವಿ ರಿಪೇರಿ ಮಾಡುವ ಹಿರಿಯ ಮಿತ್ರರೊಬ್ಬರು ತಮ್ಮ ಮೇಜಿನ ಮೇಲಿದ್ದ, ಯಾರೋ ಅಮೆರಿಕದಿಂದ ತಂದಿದ್ದ ಒಂದು ಪುಟ್ಟ ಆಂಪಿನ ಅಡಾಪ್ಟರನ್ನು ಬಿಚ್ಚಿ ತೋರಿಸಿದರು. ಒಳಗಿನ ಟ್ರಾನ್ಸ್‌ಫಾರ್ಮರಿನ ಸುತ್ತು ಕಪ್ಪಾಗಿ ಕರಕಲು ವಾಸನೆ ಹೊಡೆಯುತ್ತಿತ್ತು. ಅದು 115 ವೋಲ್ಟಿನದು. ನಮ್ಮ 230 ವೋಲ್ಟಿಗೆ ಸಿಕ್ಕಿಸಿದ ಸ್ವಲ್ಪ ಹೊತ್ತಿನಲ್ಲೇ ಸುಟ್ಟಿತ್ತು. ಇಂಥ ಆಂಪ್‌ಗಳಲ್ಲಿ ಹಲವಕ್ಕೆ ಸುಮಾರು 15 ವೋಲ್ಟಿನ ಎಸಿ ಬೇಕು, ಡಿಸಿ ಅಲ್ಲ. ಪಿನ್ನು ಕೂರುತ್ತದೆ ಎಂದು ಪೇಟೆಯಲ್ಲಿ ಸಿಗುವ ಬೇರೆ ಅಡಾಪ್ಟರನ್ನು ಹಾಕುವಂತಿಲ್ಲ. ಸಂಬಂಧಿಕರ ಕೈಯಲ್ಲಿ ವಿದೇಶದಿಂದ ಆಂಪ್ ತರಿಸುವವರು 230 ವೋಲ್ಟಿನ ಅಡಾಪ್ಟರ್ ಇದೆಯೇ ಎಂದು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಬೇಕು.

ನಮ್ಮಲ್ಲಿ ಇನ್ನೊಂದು ಸಂಗತಿಯೂ ಇದೆ. ಗಾಳಿಮಳೆಗೆ ಮರ ಬಿದ್ದು ಲೈನು ಹೋದರೆ ಮನೆ ನಡೆಯುವುದು ಇನ್ವರ್ಟರಿನ ಮೇಲೆ. ನಮ್ಮದು ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರ್. ಟ್ರಾನ್ಸ್‌ಫಾರ್ಮರ್ ಇರುವ ಯಾವ ಅಡಾಪ್ಟರನ್ನು ಅದಕ್ಕೆ ಹಾಕಿದರೂ ಜೀರುಂಡೆಯಂತೆ ಜಿರ್ರೆನ್ನುತ್ತದೆ. ಲೈನಿನ ವೋಲ್ಟೇಜೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಈ ಎರಡು ಕಾರಣಗಳಿಗಾಗಿಯೇ ವೋಲ್ಟೇಜು ಏರಿಳಿದರೂ ನಡೆಯುವ ಸ್ವಿಚಿಂಗ್ ಅಡಾಪ್ಟರ್‌ನಿಂದ 12 ವೋಲ್ಟ್ ಡಿಸಿ ತೆಗೆದುಕೊಳ್ಳುವ ಫೀಓ ಕೆ7 ನನಗೆ ಒಪ್ಪಿಗೆಯಾಯಿತು. 2022ರಲ್ಲಿ ಬಂದ ಈ ಸಾಧನದಲ್ಲಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿ ಬದಲಿಸುವ ಭಾಗ) ಮತ್ತು ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿವೆ. 32 ಓಮಿಗೆ 6.35 ಮಿಲಿಮೀಟರ್ ಜ್ಯಾಕಿನಲ್ಲಿ 1220 ಮಿಲಿವ್ಯಾಟ್, 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ (ಎಡ ಬಲ ಕಿವಿಗಳಿಗೆ ಬೇರೆ ಬೇರೆ ಜೋಡಿ ತಂತಿ ಇರುವ) ಜ್ಯಾಕಿನಲ್ಲಿ 2000 ಮಿಲಿವ್ಯಾಟ್ ಕೊಡುತ್ತದೆ ಎಂದು ಕಂಪನಿ ಹೇಳುತ್ತದೆ. ಮೇಲಿನ ಲೆಕ್ಕ ನೋಡಿದವರಿಗೆ ಇದು ನನ್ನ ಅಗತ್ಯವನ್ನು ಎಷ್ಟೋ ಮೀರಿದ್ದು ಎಂಬುದು ಗೊತ್ತಾಗುತ್ತದೆ. ಕೊರಿಯರ್ ನಮ್ಮ ತೋಟದ ಮನೆಯವರೆಗೆ ಬರುವುದಿಲ್ಲವಾದ್ದರಿಂದ ಸಿದ್ದಾಪುರ ಪೇಟೆಗೆ ಹೋಗಿ ತಂದೆ.

ಮೊದಲ ರಾತ್ರಿಯೇ ನಿರಾಸೆಯಾಯಿತು. ಮಳೆ ಬಿಟ್ಟು ತೋಟ ನಿಶ್ಶಬ್ದವಾದ ಹೊತ್ತಿನಲ್ಲಿ ಎರಡು ಆಲಾಪಗಳ ನಡುವೆ ಸಣ್ಣದಾಗಿ ಗುಂಯ್ ಎನ್ನುವ ಸದ್ದು ಕೇಳುತ್ತಿತ್ತು. ಆಂಪಿನ ಲೋಹದ ಮೈಯನ್ನು ಬೆರಳಿನ ಹಿಂಬದಿಯಿಂದ ಸವರಿದರೆ ಜುಮ್ಮೆನ್ನುತ್ತಿತ್ತು. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತ ತಕ್ಷಣ ಸದ್ದೂ ಜುಮ್ಮೆನ್ನುವುದೂ ಒಟ್ಟಿಗೇ ನಿಂತವು. ಮರುದಿನ ಫೋನ್ ಮಾಡಿದಾಗ ಆ ಹಿರಿಯ ಮಿತ್ರರು, “ಆಂಪ್ ವಾಪಸ್ ಕಳಿಸಬೇಡಿ, ಮೊದಲು ಆ ಪ್ಲಗ್ಗಿನ ಅರ್ತಿಂಗ್ ನೋಡಿಸಿ” ಎಂದರು. ಅವರ ಮಾತು ಸರಿಯಾಗಿತ್ತು: ಆ ಕೋಣೆಯ ಸಾಕೆಟ್ಟಿನಲ್ಲಿ ಅರ್ತ್ ತಂತಿ ತುಕ್ಕು ಹಿಡಿದು ಕಡಿದುಹೋಗಿತ್ತು. ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಹೊಸ ತಂತಿ ಎಳೆದ ಮೇಲೆ ಚಾರ್ಜರ್ ಹಾಕಿದ್ದರೂ ಸದ್ದಿಲ್ಲ. ಆಂಪಿನ ಬಗ್ಗೆ ಗುಂಯ್ ಎಂಬ ದೂರು ಬರೆಯುವವರಲ್ಲಿ ಎಷ್ಟು ಜನರ ಮನೆಯಲ್ಲಿ ದೋಷ ಗೋಡೆಯೊಳಗೆ ಇದೆಯೋ ಎಂದು ಆಗ ಅನ್ನಿಸಿತು. ಅರ್ತಿಂಗ್ ಸರಿಯಿದ್ದೂ ಸದ್ದು ಹೋಗದಿದ್ದರೆ ಕೆ7ರ ಹಿಂಬದಿಯಲ್ಲಿ ಆಪ್ಟಿಕಲ್ ಇನ್‌ಪುಟ್ ಇದೆ. ಬೆಳಕಿನ ಮೂಲಕ ಬರುವ ಸಂಕೇತದ ಜೊತೆಗೆ ಕರೆಂಟಿನ ಕೊಳೆ ಬರಲು ದಾರಿಯಿಲ್ಲ.

ಈಗ ಒಂದು ವರ್ಷದ ಬಳಕೆಯ ಮಾತು. ನಾನು ಸದಾ ಕಡಿಮೆ ಗೇನ್‌ನಲ್ಲೇ (ಆಂಪ್ ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಕೇಳುತ್ತೇನೆ. ಎಚ್‌ಡಿ 600ಕ್ಕೆ ಅದೇ ಸಾಕು. ತಂಬೂರಿಯ ನಾಲ್ಕನೆಯ ತಂತಿ ಮೀಟಿದ ಮೇಲೆ ಅದರ ಝೇಂಕಾರ ನಿಧಾನವಾಗಿ ಇಳಿಯುತ್ತಾ ಮುಂದಿನ ಮೀಟಿನೊಳಗೆ ಸೇರಿಕೊಳ್ಳುವ ಆ ಗಳಿಗೆ ಈಗ ಪೂರ್ಣವಾಗಿ ಕೇಳುತ್ತದೆ. ನಮ್ಮೂರಿನ ಹಬ್ಬದಲ್ಲಿ ನಾನೇ ಮುದ್ರಿಸಿಕೊಂಡ ದುಡಿಕೊಟ್ಟ್ ಪಾಟ್ (ದುಡಿ ಬಾರಿಸುತ್ತಾ ಹಾಡುವ ಕೊಡವ ಹಾಡು) ಒಂದಿದೆ. ದುಡಿಯ ಪೆಟ್ಟು ಡಾಂಗಲಿನಲ್ಲಿ ಮೊಂಡಾಗಿ ಕೇಳುತ್ತಿದ್ದದ್ದು ಇಲ್ಲಿ ಚರ್ಮದ ಬಿಗಿತದೊಂದಿಗೆ ಕೇಳುತ್ತದೆ. ಇದು ಆಂಪ್ ಸೇರಿಸಿದ ಸೊಗಸಲ್ಲ, ಕೊರತೆಯಾಗಿದ್ದ ವೋಲ್ಟೇಜು ದೊರೆತದ್ದರ ಫಲ ಎಂದೇ ನನ್ನ ನಂಬಿಕೆ. ಧ್ವನಿಯ ತಿರುಗುಗುಂಡಿಯನ್ನು ಅತಿ ಕೆಳಗಿನ ಮಟ್ಟದಲ್ಲಿಟ್ಟರೂ ಎಡ ಬಲ ಕಿವಿಗಳಲ್ಲಿ ಹೆಚ್ಚುಕಡಿಮೆಯಾಗುವುದಿಲ್ಲ. ಮನೆಯವರೆಲ್ಲ ಮಲಗಿದ ಮೇಲೆ ಕೇಳುವ ನನಗೆ ಇದು ದೊಡ್ಡ ಅನುಕೂಲ. ಆ ಗುಂಡಿಯ ಸುತ್ತ ಉರಿಯುವ ಬಣ್ಣದ ಬೆಳಕು ಮಾತ್ರ ಕತ್ತಲ ಕೋಣೆಯಲ್ಲಿ ಕಣ್ಣಿಗೆ ಚುಚ್ಚುತ್ತದೆ. ಬ್ಲೂಟೂತ್ ಈ ಮಾದರಿಯಲ್ಲಿಲ್ಲ. ಬ್ಯಾಲೆನ್ಸ್ಡ್ ಕೇಬಲ್ ಬೇರೆ ಕೊಳ್ಳಬೇಕೆಂದು ಹಲವರು ಹೇಳಿದರು. ಗೆಳೆಯನ ಕೇಬಲ್ ತಂದು ಎರಡನ್ನೂ ಒಂದೇ ಮಟ್ಟದ ಧ್ವನಿಗೆ ಹೊಂದಿಸಿ ಕೇಳಿದೆ, ನನಗೆ ವ್ಯತ್ಯಾಸ ಕೇಳಿಸಲಿಲ್ಲ. ಆ ಹಣ ಉಳಿಯಿತು.

ತೇವದ ಕಾಟ ಹೆಡ್‌ಫೋನಿಗೇ ಹೆಚ್ಚು. ಆಟಿ ತಿಂಗಳಲ್ಲಿ ಹತ್ತು ದಿನ ಹೊರಗೆ ಬಿಟ್ಟಿದ್ದಕ್ಕೆ ಮಖಮಲ್ಲಿನ ಕಿವಿದಿಂಬುಗಳ ಮೇಲೆ ಬೂಷ್ಟು ಬಂತು. ಈಗ ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ.

ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕಾಫಿ ಗಿಡ ಹೂಬಿಡಿಸುವ ಹೂಮಳೆ ಗುಡುಗು ಸಿಡಿಲನ್ನು ಜೊತೆಗೇ ತರುತ್ತದೆ. ಮೊದಲ ಗುಡುಗು ಕೇಳಿದೊಡನೆ ಆಂಪಿನ ಅಡಾಪ್ಟರ್, ಲ್ಯಾಪ್‌ಟಾಪಿನ ಚಾರ್ಜರ್ ಎರಡನ್ನೂ ಗೋಡೆಯಿಂದ ಕೀಳುತ್ತೇನೆ. ಸ್ವಿಚ್ ಆರಿಸಿದರೆ ಸಾಲದು. ಮಳೆಗಾಲದಲ್ಲಿ ಎರಡು ಮೂರು ದಿನ ಕರೆಂಟಿಲ್ಲದೆ ಇನ್ವರ್ಟರ್ ಬ್ಯಾಟರಿಯೂ ಖಾಲಿಯಾದಾಗ ಕೆ7 ಮೇಜಿನ ಮೇಲೆ ಸುಮ್ಮನೆ ಕೂರುತ್ತದೆ. ಆ ದಿನಗಳಿಗಾಗಿ ಈಚೆಗೆ 4.4 ಮಿಲಿಮೀಟರ್ ಜ್ಯಾಕಿನಲ್ಲಿ ನಾಲ್ಕು ವೋಲ್ಟ್ ಕೊಡುವ ಡಾಂಗಲೊಂದನ್ನು ತಂದಿದ್ದೇನೆ, ಉಳಿಸಿದೆ ಎಂದುಕೊಂಡಿದ್ದ ಬ್ಯಾಲೆನ್ಸ್ಡ್ ಕೇಬಲಿನ ಹಣವನ್ನೂ ಕೊನೆಗೆ ಖರ್ಚು ಮಾಡಿದ್ದೇನೆ. ಮೊಬೈಲಿನ ಬ್ಯಾಟರಿಯಿಂದಲೇ ನಡೆಯುವ ಇದರಲ್ಲಿ ಅರ್ತಿಂಗ್‌ನ ತಕರಾರಿಲ್ಲ, ಇನ್ವರ್ಟರಿನ ಹಂಗಿಲ್ಲ, ಎಚ್‌ಡಿ 600ಕ್ಕೆ ಬೇಕಾದ ಎರಡೂವರೆ ವೋಲ್ಟಿಗೆ ಮೀರಿದ ಮೀಸಲೂ ಇದೆ. ಹೆಚ್ಚು ಓಮಿನ ಒಂದೇ ಹೆಡ್‌ಫೋನ್ ಇರುವವರು, ಕರೆಂಟು ಪದೇಪದೇ ಹೋಗುವ ಊರಿನವರು ಈ ಡಾಂಗಲಿನಿಂದಲೇ ಶುರು ಮಾಡಬಹುದು. ಪ್ಲೇನಾರ್ ಕೊಳ್ಳುವ ಯೋಚನೆಯಿರುವವರು, ಟಿವಿ ಮತ್ತು ಲ್ಯಾಪ್‌ಟಾಪ್ ಎರಡನ್ನೂ ಒಂದೇ ಕಡೆ ಸೇರಿಸಬೇಕೆನ್ನುವವರು ಕೆ7 ಕೊಳ್ಳಲಿ. ತರಿಸುವ ಮೊದಲು ಅದನ್ನು ಸಿಕ್ಕಿಸುವ ಪ್ಲಗ್ಗಿಗೆ ಅರ್ತ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ಒಮ್ಮೆ ನೋಡಿಸಿಬಿಡಲಿ.